ದಂಡು ಮರಳಿದ ದಿನ

ಗ್ರೀಸ್ ದೇಶದವರಿಗೆ ಮಾರ್ಚ್ 25 ದೊಡ್ಡ ದಿನ. 1821ರಲ್ಲಿ ಆಟೋಮನ್ ತುರ್ಕರ ಆಳ್ವಿಕೆಯ ವಿರುದ್ಧ ಎದ್ದು ನಿಂತುದರ ನೆನಪು ಅದು. ಮೇರಿಮಾತೆಗೆ ದೇವದೂತನು ಶುಭವಾರ್ತೆ ತಂದ ಹಬ್ಬವೂ ಅದೇ ದಿನ. 1838ರಿಂದ ಅದು ರಾಷ್ಟ್ರೀಯ ಹಬ್ಬ. ಬೀದಿಯಲ್ಲಿ ಮೆರವಣಿಗೆ, ಮನೆಯಲ್ಲಿ ಉಪ್ಪುಮೀನಿನ ಕರಿದ ತುಂಡು, ಬೆಳ್ಳುಳ್ಳಿಯ ಗೊಜ್ಜು. ಅಡುಗೆಮನೆ ಹೊಕ್ಕ ಇತಿಹಾಸ ಅಷ್ಟು ಸುಲಭವಾಗಿ ಮರೆತುಹೋಗುವುದಿಲ್ಲ.

ಅಲ್ಲಿನ ಕಾರ್ಫು ದ್ವೀಪದವರಿಗೆ ಮೇ 21 ಕೂಡ ಹಬ್ಬವೇ. 1815ರಿಂದ ಬ್ರಿಟಿಷರ ಕೈಯಲ್ಲಿದ್ದ ಅಯೋನಿಯನ್ ದ್ವೀಪಗಳು 1864ರಲ್ಲಿ ಆ ದಿನ ಗ್ರೀಸಿಗೆ ಸೇರಿದವು. ಅದನ್ನು ಅಲ್ಲಿ ಇಂದಿಗೂ ಆಚರಿಸುತ್ತಾರೆ.

ಬ್ರಿಟಿಷರು ಹಾಗೆ ಬಿಟ್ಟುಕೊಟ್ಟ ನೆಲ ನಮ್ಮ ಬೆಂಗಳೂರಿನಲ್ಲೂ ಇದೆ. 1809ರಲ್ಲಿ, ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿದ ಅವರ ಪಡೆ ಹಲಸೂರಿನ ಬಳಿಯ ಬಯಲಿಗೆ ಬಂದು ಬೀಡುಬಿಟ್ಟಿತು. ಅದೇ ಬೆಂಗಳೂರು ದಂಡು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿತು. ದಂಡು ಮಾತ್ರ ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಪೇಟೆಗೊಂದು ಮುನಿಸಿಪಾಲಿಟಿ, ದಂಡಿಗೊಂದು ಮುನಿಸಿಪಾಲಿಟಿ. ಚಿಕ್ಕಪೇಟೆಯ ಹೆಣ್ಣನ್ನು ಹಲಸೂರಿಗೆ ಕೊಟ್ಟರೆ, ಕಬ್ಬನ್ ಪಾರ್ಕು ದಾಟುವಷ್ಟರಲ್ಲಿ ಅವಳು ಮಹಾರಾಜರ ಆಡಳಿತ ಬಿಟ್ಟು ರೆಸಿಡೆಂಟರ ಆಡಳಿತಕ್ಕೆ ಸೇರುತ್ತಿದ್ದಳು!

66 ವರ್ಷಗಳ ಮೇಲೆ, 1947ರ ಜುಲೈ 26ರಂದು, ದಂಡು ಮೈಸೂರಿಗೆ ಮರಳಿತು. ಇಪ್ಪತ್ತೇ ದಿನಕ್ಕೆ ಆಗಸ್ಟ್ 15 ಬಂತು. ಆ ದೊಡ್ಡ ಸಡಗರದ ಮರೆಗೆ ಈ ದಿನ ಸರಿದುಹೋಯಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. 1999ರ ಯುದ್ಧದ ನಂತರವಂತೂ ಜುಲೈ 26 ಎಂದರೆ ಕಾರ್ಗಿಲ್ ವಿಜಯ ದಿನ.

ಶಿವಾಜಿನಗರದಲ್ಲಿ ಸೆಪ್ಟೆಂಬರ್ 8 ಯಾರಿಗೂ ಮರೆಯುವುದಿಲ್ಲ. ಅಂದು ಸಂತ ಮೇರಿ ಬೆಸಿಲಿಕಾದಲ್ಲಿ ಸೀರೆಯುಟ್ಟ ಮಾತೆಯ ತೇರು. ಜಾತಿಮತದ ಭೇದವಿಲ್ಲದೆ ಹೆಂಗಸರು ಮೇಣದಬತ್ತಿ ಹಚ್ಚುತ್ತಾರೆ. ಜುಲೈ 26ಕ್ಕೆ ಉಡುವ ಸೀರೆಯೂ ಇಲ್ಲ, ಮಾಡುವ ಅಡುಗೆಯೂ ಇಲ್ಲ. ಅದು ಕಾಗದಪತ್ರದಲ್ಲಿಯೇ ಉಳಿಯಿತು.

ಅಂದು ಎಲ್ಲರೂ ಹಿಗ್ಗಿದರೆಂದೂ ಹೇಳಲಾಗದು. ದಂಡನ್ನೇ ನಂಬಿ ತಮಿಳು ಸೀಮೆಯಿಂದ ಬಂದು ನೆಲೆಸಿದವರ ಮನೆಗಳಲ್ಲಿ, ಸಿಪಾಯಿಗಳು ಹೊರಟುಹೋದರೆ ನಾಳಿನ ಅನ್ನಕ್ಕೇನು ಎಂಬ ಯೋಚನೆಯೂ ಇದ್ದಿರಬೇಕು. ಅದನ್ನು ಸರ್ಕಾರದ ಗೆಜೆಟ್ಟು ಹೇಳುವುದಿಲ್ಲ, ಮನೆಯವರೇ ಹೇಳಬೇಕು.

ಅಂದು ಲಂಗ ತೊಟ್ಟು ಓಡಾಡುತ್ತಿದ್ದ ಹುಡುಗಿಯರಿಗೆ ಈಗ ತೊಂಬತ್ತರ ಆಸುಪಾಸು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ದಂಡಿನ ಅಜ್ಜಿಯೊಬ್ಬರಿದ್ದರೆ, ಆ ಶನಿವಾರ ಮನೆಯಲ್ಲಿ ಹಿರಿಯರು ಏನು ಮಾತಾಡಿಕೊಂಡರೆಂದು ಕೇಳಿ, ಬರೆದಿಡಿ.