ಕಿರಾಣಿ ಅಂಗಡಿ ಬೆಕ್ಕಿನಿಂದ ಕಾಡಿನ ಹೆಬ್ಬುಲಿವರೆಗೆ: ಮಾರ್ಜಾಲ ಕುಟುಂಬದ ಬಗ್ಗೆ ಗೊತ್ತಿರಬೇಕಾದ ಸಂಗತಿಗಳು

ದಾಸನಕೊಪ್ಪ: ಭತ್ತದ ಕೊಯ್ಲು, ಮೆಕ್ಕೆಜೋಳದ ಕಟಾವು ಶುರುವಾದರೆ ಶಿರಸಿ ತಾಲೂಕಿನ ಪೂರ್ವ ಭಾಗದ ಊರುಗಳಲ್ಲಿ ಪ್ರತಿ ವರ್ಷ ಕೇಳುವ ಮಾತು ಒಂದಿದೆ: "ಗದ್ದೇಲಿ ಚಿರತೆ ಮರಿ ಸಿಕ್ತಂತೆ!" ಮೊಬೈಲಿನಲ್ಲಿ ಫೋಟೋ ಓಡಾಡುತ್ತದೆ, ಜನ ಸೇರುತ್ತಾರೆ. ಆದರೆ ಹೀಗೆ ಸಿಗುವ ಎಲ್ಲ ಮರಿಗಳೂ ಚಿರತೆಯವಲ್ಲ. ಹಲವು ಸಲ ಅವು ಕಾಡುಬೆಕ್ಕಿನ ಮರಿಗಳು. ತಾಯಿ ಹತ್ತಿರದಲ್ಲೇ ಇರುತ್ತದೆ. ಜನ ಮುಟ್ಟಿ, ಎತ್ತಿಕೊಂಡು ಹೋಗಿದ್ದರಿಂದಲೇ ಮರಿ ಅನಾಥವಾಗುತ್ತದೆ.

ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿ ದಾಸನಕೊಪ್ಪ, ಬನವಾಸಿ ಭಾಗದ ಊರುಗಳಿವೆ. ಒಂದು ಕಡೆ ಕಾಡು, ಅಡಿಕೆ ತೋಟ. ಇನ್ನೊಂದು ಕಡೆ ಗದ್ದೆ, ಕೆರೆ, ಬೇಣ. ಮನೆ ಬೆಕ್ಕು, ಕಾಡುಬೆಕ್ಕು ಎರಡಕ್ಕೂ ಒಗ್ಗುವ ಜಾಗ ಇದು. ಹಾಗಾಗಿ ಯಾವುದು ಏನು, ಯಾವ ನಂಬಿಕೆ ನಿಜ, ಯಾವುದು ಬರೀ ಕಥೆ ಅಂತ ತಿಳಿದಿರುವುದು ಒಳ್ಳೆಯದು.

ಮನೆ ಬೆಕ್ಕು ಎಲ್ಲಿಂದ ಬಂತು?

ನಮ್ಮ ಕಾಡುಬೆಕ್ಕನ್ನೇ ಸಾಕಿ ಸಾಕಿ ಮನೆ ಬೆಕ್ಕು ಮಾಡಿದರು ಅಂತ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಜಗತ್ತಿನ ಎಲ್ಲ ಮನೆ ಬೆಕ್ಕುಗಳ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಲ್ಲಿರುವ ಆಫ್ರಿಕನ್ ಕಾಡುಬೆಕ್ಕು ಎಂಬುದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾಗಿದೆ. ಮನುಷ್ಯ ಬೇಸಾಯ ಕಲಿತು ಧಾನ್ಯ ಕೂಡಿಡಲು ಶುರು ಮಾಡಿದ. ಧಾನ್ಯಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತದ್ದು ಸಿಕ್ಕಿದೆ. ಅಂದರೆ ಕಣಜಕ್ಕೂ ಬೆಕ್ಕಿಗೂ ಇರುವ ನಂಟು ಬಹಳ ಹಳೆಯದು. ಇವತ್ತಿಗೂ ಅಡಿಕೆ ವಖಾರಿ, ಅಕ್ಕಿ ಗಿರಣಿ, ಕಿರಾಣಿ ಅಂಗಡಿಗಳಲ್ಲಿ ಬೆಕ್ಕು ಇರುವುದು ಅದೇ ಕೆಲಸಕ್ಕೆ.

ಹೆಸರೂ ಊರಿಗೊಂದು. ನಮ್ಮಲ್ಲಿ ಬೆಕ್ಕು, ಮೈಸೂರು ಕಡೆ ಕೊತ್ತಿ, ತುಳುವಿನಲ್ಲಿ ಪುಚ್ಚೆ, ಕೊಂಕಣಿಯಲ್ಲಿ ಮಾಜರ. ಸಂಸ್ಕೃತದ ಮಾರ್ಜಾಲ ಕನ್ನಡಕ್ಕೆ ಬಂದು 'ಮಾರ್ಜಾಲ ಸನ್ಯಾಸಿ' ಆಯಿತು. ಮೇಲೆ ವ್ರತ, ಒಳಗೆ ಬೇಟೆ ಅನ್ನುವವರಿಗೆ ಆ ಹೆಸರು.

ಹಾಲು, ಕಣ್ಣು, ಬಣ್ಣ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಇಲಿ ಕಾಟ ತಡೆಯಲು ಕೃಷ್ಣದೇವರಾಯ ಬೆಕ್ಕು ಹಂಚಿ, ಅದರ ಹಾಲಿಗೆ ಅಂತ ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಡಿಸಿದ. ಮುಂದೆ ಅದು ಹಾಲು ಕಂಡರೆ ಓಡುತ್ತಿತ್ತು. ಕಥೆ ನಗಿಸುತ್ತದೆ, ಆದರೆ ವಿಜ್ಞಾನವೂ ಹಾಲಿನ ವಿಷಯದಲ್ಲಿ ಎಚ್ಚರಿಕೆ ಹೇಳುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕಿಗೆ ನಿಜವಾಗಿ ಬೇಕಾದ್ದು ಮಾಂಸ, ಮೀನು ಮತ್ತು ಕುಡಿಯಲು ನೀರು. ಬರೀ ಹಾಲು-ಅನ್ನ ತಿಂದು ಬೆಕ್ಕು ಗಟ್ಟಿಯಾಗುವುದಿಲ್ಲ. ಸಿಹಿ ಅಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಸಿಹಿ ರುಚಿ ಹಿಡಿಯುವ ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ ಅಂತ 2005ರಲ್ಲಿ ಪತ್ತೆಯಾಯಿತು.

ರಾತ್ರಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಅದು ದೆವ್ವವೂ ಅಲ್ಲ, ಮಾಟವೂ ಅಲ್ಲ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ, ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಮನುಷ್ಯನಿಗೆ ಬೇಕಾದ ಬೆಳಕಿನ ಆರನೇ ಒಂದು ಭಾಗ ಇದ್ದರೂ ಬೆಕ್ಕಿಗೆ ಕಾಣುತ್ತದೆ. ಇಲಿಗಳು ಮನುಷ್ಯನ ಕಿವಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೂಗಿಕೊಳ್ಳುತ್ತವೆ. ಬೆಕ್ಕಿಗೆ ಅದೂ ಕೇಳುತ್ತದೆ.

ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇರುವ ಬೆಕ್ಕು ನಿಮ್ಮ ಮನೆಯಲ್ಲಿದ್ದರೆ ಅದು ಹೆಣ್ಣೇ ಎಂದು ಬಹುಮಟ್ಟಿಗೆ ಕಣ್ಣುಮುಚ್ಚಿ ಹೇಳಬಹುದು. ಕೇಸರಿ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಕೇಸರಿ, ಕಪ್ಪು ಎರಡೂ ಕಾಣಬೇಕಾದರೆ ಎರಡು ಎಕ್ಸ್ ಬೇಕು, ಅದು ಹೆಣ್ಣಿಗೆ ಇರುತ್ತದೆ. ಮೂರು ಬಣ್ಣದ ಗಂಡು ತೀರಾ ಅಪರೂಪ.

ಅಡ್ಡ ಬಂದರೆ ಅಪಶಕುನವೇ?

ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ನಿಂತು ಹೋಗುವವರು ಈಗಲೂ ಇದ್ದಾರೆ. ಆದರೆ ಇದೇ ಕರಿ ಬೆಕ್ಕು ಜಪಾನಿನಲ್ಲಿ ಶುಭ. ಅಲ್ಲಿನ ಅಂಗಡಿಗಳಲ್ಲಿ ಕೈ ಎತ್ತಿ ಗಿರಾಕಿ ಕರೆಯುವ 'ಮನೆಕಿ ನೆಕೊ' ಬೆಕ್ಕಿನ ಬೊಂಬೆ ಇಡುತ್ತಾರೆ. ಆ ಬೊಂಬೆ ಈಗ ನಮ್ಮ ಪೇಟೆ ಅಂಗಡಿಗಳ ಗಲ್ಲಾ ಮೇಲೂ ಕೈ ಆಡಿಸುತ್ತಾ ಕೂತಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪ ಅಂತ ಪೂಜಿಸುತ್ತಾರೆ. ಮಕ್ಕಳನ್ನು ಕಾಯುವ ಷಷ್ಠೀದೇವಿಯ ವಾಹನವೂ ಬೆಕ್ಕೇ. ಒಂದೇ ಪ್ರಾಣಿ ಒಂದು ಊರಲ್ಲಿ ಶಕುನ ಕೆಡಿಸಿ ಇನ್ನೊಂದು ಊರಲ್ಲಿ ದೇವರಾಗುವುದಾದರೆ, ತಪ್ಪು ಬೆಕ್ಕಿನದಂತೂ ಅಲ್ಲ.

ಆಚರಣೆಯ ಬಗ್ಗೆಯೇ ಹಳಬರು ಹೇಳುವ ಕಥೆ ಒಂದಿದೆ. ಶ್ರಾದ್ಧದ ದಿನ ಕಾಟ ಕೊಡುತ್ತಿದ್ದ ಬೆಕ್ಕನ್ನು ಅಪ್ಪ ಬುಟ್ಟಿ ಕೆಳಗೆ ಮುಚ್ಚಿಟ್ಟ. ಅದನ್ನು ನೋಡಿದ್ದ ಮಗ ತನ್ನ ಕಾಲಕ್ಕೆ ಶ್ರಾದ್ಧ ಮಾಡಬೇಕಾದಾಗ, ಮನೆಯಲ್ಲಿ ಬೆಕ್ಕಿಲ್ಲ ಅಂತ ಊರೆಲ್ಲ ಹುಡುಕಿ ತಂದು ಬುಟ್ಟಿ ಕೆಳಗೆ ಹಾಕಿದನಂತೆ! ಕಾರಣ ಮರೆತು ಪದ್ಧತಿ ಹಿಡಿದವರಿಗೆ ಈ ಕಥೆ ಸಾಕು.

'ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ' ಎಂಬ ಮಾತಿನಲ್ಲಿ ಮಾತ್ರ ಸತ್ಯ ಇದೆ. ಏಳೇ ಅಂತ ಲೆಕ್ಕ ಇಲ್ಲ. ಆದರೆ ತಾಯಿ ಬೆಕ್ಕು ಕತ್ತಿನ ಚರ್ಮ ಕಚ್ಚಿಕೊಂಡು ಮರಿಗಳನ್ನು ಅಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಸೌದೆ ರಾಶಿಗೆ ಬದಲಿಸುತ್ತಲೇ ಇರುತ್ತದೆ. ವಾಸನೆ ಹಿಡಿದು ನಾಯಿ ಬರಬಾರದು, ಗಂಡು ಬೆಕ್ಕು ಮರಿಗಳನ್ನು ಕೊಲ್ಲಬಾರದು ಅನ್ನುವುದು ಅದರ ಉಪಾಯ.

ನಮ್ಮ ಮೂರು ಸಣ್ಣ ಕಾಡುಬೆಕ್ಕುಗಳು

ಭಾರತದಲ್ಲಿ ಬೆಕ್ಕಿನ ಕುಟುಂಬದ 15 ಕಾಡು ಜಾತಿಗಳಿದ್ದವು. 2022ರ ಸೆಪ್ಟೆಂಬರಿನಲ್ಲಿ ಚೀತಾ ತಂದು ಬಿಟ್ಟ ಮೇಲೆ 16. ಕರ್ನಾಟಕದಲ್ಲಿ ಸಣ್ಣ ಜಾತಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಾಡುಬೆಕ್ಕು. ಮನೆ ಬೆಕ್ಕಿಗಿಂತ ದೊಡ್ಡದು, ಉದ್ದ ಕಾಲು, ಮೈ ಮೇಲೆ ಚುಕ್ಕೆ ಇಲ್ಲದ ಮಣ್ಣಿನ ಬಣ್ಣ, ಗಿಡ್ಡ ಬಾಲದ ತುದಿಯಲ್ಲಿ ಕಪ್ಪು ಉಂಗುರ, ಕಿವಿ ತುದಿಯಲ್ಲಿ ಸಣ್ಣ ಕಪ್ಪು ಕೂದಲು. ಕೆರೆ ಬದಿಯ ಜೊಂಡು, ಕಬ್ಬು, ಹುಲ್ಲಿನಲ್ಲಿ ಇರುತ್ತದೆ, ಹಗಲಲ್ಲೂ ಓಡಾಡುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸಾವಿರ ದಾಟುತ್ತದೆ. ಗದ್ದೆ ಇರುವವರಿಗೆ ಸಂಬಳ ಇಲ್ಲದ ಕಾವಲುಗಾರ.

ಎರಡನೆಯದು ಚಿರತೆ ಬೆಕ್ಕು. ಮನೆ ಬೆಕ್ಕಿನಷ್ಟೇ ಗಾತ್ರ, ಮೈಯೆಲ್ಲ ಚಿರತೆಯಂಥ ಕಪ್ಪು ಚುಕ್ಕೆ, ಹಣೆಯ ಮೇಲೆ ಬಿಳಿ ಗೆರೆ, ಕಿವಿಯ ಹಿಂದೆ ಬಿಳಿ ಮಚ್ಚೆ. ಮರ ಹತ್ತುವುದರಲ್ಲಿ ನಿಸ್ಸೀಮ. ಚಿರತೆ ಮರಿ ಎಂದು ಸುದ್ದಿಯಾಗುವವುಗಳಲ್ಲಿ ಇದರ ಮರಿಗಳೂ ಇರುತ್ತವೆ.

ಮೂರನೆಯದು ತುಕ್ಕು ಬಣ್ಣದ ಚುಕ್ಕೆ ಬೆಕ್ಕು. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಒಂದು. ತೂಕ ಸುಮಾರು ಒಂದರಿಂದ ಒಂದೂವರೆ ಕಿಲೋ ಅಷ್ಟೇ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ದೊಡ್ಡದಾದ ಮೇಲೂ ಮರಿಯ ಹಾಗೇ ಕಾಣುವುದರಿಂದ ಜನ ಬೆಕ್ಕಿನ ಮರಿ ಅಂತ ಮನೆಗೆ ತರುವ ಅಪಾಯ ಇದಕ್ಕೇ ಹೆಚ್ಚು.

ಪುನುಗು ಬೆಕ್ಕು ಹೆಸರಿಗೆ ಮಾತ್ರ ಬೆಕ್ಕು. ಅದು ಬೇರೆಯೇ ಕುಟುಂಬಕ್ಕೆ ಸೇರಿದ್ದು. ಅದರ ಗ್ರಂಥಿಯಿಂದ ಬರುವ ಸುಗಂಧ ವಸ್ತುವೇ ಪುನುಗು. ತಿರುಮಲದ ವೆಂಕಟೇಶ್ವರನ ಸೇವೆಯಲ್ಲೂ ಅದರ ಬಳಕೆ ಇದೆ.

ಬೆಕ್ಕು ಗುರು, ಹುಲಿ ಶಿಷ್ಯ

ಹುಲಿಗೆ ಬೇಟೆ ಕಲಿಸಿದ್ದು ಬೆಕ್ಕಂತೆ. ಎಲ್ಲ ಕಲಿತ ಹುಲಿ ಗುರುವನ್ನೇ ತಿನ್ನಲು ಬಂದಾಗ ಬೆಕ್ಕು ಮರ ಹತ್ತಿ, "ಇದೊಂದು ಕಲಿಸಿರಲಿಲ್ಲ ನೋಡು" ಅಂದಿತಂತೆ. ಕಥೆ ಏನೇ ಇರಲಿ, ಸಂಬಂಧ ನಿಜ. 2013ರಲ್ಲಿ ಹುಲಿಯ ಜೀನೋಮ್ ಓದಿದಾಗ ಮನೆ ಬೆಕ್ಕಿನ ಜೊತೆ 95.6ರಷ್ಟು ಶೇಕಡಾ ಹೋಲಿಕೆ ಕಂಡಿತು. ಚಿರತೆಗೆ ಮಾತ್ರ ಆ ಮರ ಹತ್ತುವ ಪಾಠವೂ ಬರುತ್ತದೆ.

ಘಟ್ಟದ ಮೇಲಿನ ಊರುಗಳಲ್ಲಿ ದೀಪಾವಳಿಗೆ ಗೋಪೂಜೆಯ ಜೊತೆ ಹುಲಿಯಪ್ಪನಿಗೂ ಕಾಯಿ ಒಡೆಯುವ ಪದ್ಧತಿ ಇದೆ. ದನ ತಿನ್ನುವವನ ಹತ್ತಿರವೇ ದನ ಕಾಯಲು ಕೇಳಿಕೊಳ್ಳುವುದು! 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿವೆ ಅಂತ ಅಂದಾಜಾಗಿದೆ. ಮಧ್ಯಪ್ರದೇಶದ ನಂತರ ಎರಡನೇ ಸ್ಥಾನ. ನಮ್ಮ ಜಿಲ್ಲೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಕರಿ ಚಿರತೆಗೂ ಹೆಸರುವಾಸಿ. ಕರಿ ಚಿರತೆ ಬೇರೆ ಜಾತಿಯಲ್ಲ, ಬಣ್ಣ ಕಪ್ಪಾದ ಚಿರತೆ. ಬಿಸಿಲಲ್ಲಿ ನೋಡಿದರೆ ಮೈ ಮೇಲಿನ ಚುಕ್ಕೆ ಕಾಣುತ್ತದೆ. ಸಿಂಹ ಮಾತ್ರ ಇಲ್ಲಿನ ಕಾಡಿನದಲ್ಲ. ಆದರೂ ಬನವಾಸಿ ಕದಂಬರ ಲಾಂಛನ ಸಿಂಹವೇ ಆಗಿತ್ತು.

ಮರಿ ಸಿಕ್ಕರೆ ಏನು ಮಾಡಬೇಕು?

ಮುಟ್ಟಬೇಡಿ. ಆ ಜಾಗದ ಕೊಯ್ಲು ನಿಲ್ಲಿಸಿ, ಒಂದು ತುಂಡು ಬಿಟ್ಟು ಬೇರೆ ಕಡೆ ಕೆಲಸ ಮಾಡಿ. ನಾಯಿಗಳನ್ನು ದೂರ ಇಡಿ, ಜನ ಸೇರಿಸಬೇಡಿ. ಸಂಜೆ ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುವ ಸಾಧ್ಯತೆ ಹೆಚ್ಚು. ಚಿರತೆ ಮರಿ ಇರಬಹುದು ಅನ್ನಿಸಿದರೆ ಇನ್ನೂ ಎಚ್ಚರ, ತಾಯಿ ಅಲ್ಲೇ ಇರಬಹುದು. ಕೂಡಲೇ ಅರಣ್ಯ ಇಲಾಖೆಗೆ, ಸಹಾಯವಾಣಿ 1926ಕ್ಕೆ ತಿಳಿಸಿ. ಹುಲಿ, ಚಿರತೆ, ಚಿರತೆ ಬೆಕ್ಕು, ಚುಕ್ಕೆ ಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ.

ಅಂಗಡಿಯವರಿಗೆ, ಮನೆಯವರಿಗೆ

ಇಲಿ ಪಾಷಾಣ ಇಡುವ ಮುನ್ನ ಯೋಚಿಸಿ. ಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕು, ಗೂಬೆ, ಕಾಡುಬೆಕ್ಕು ಕೂಡ ಸಾಯಬಹುದು. ಆಮೇಲೆ ಇಲಿ ಹಿಡಿಯುವವರೇ ಇರುವುದಿಲ್ಲ, ಇಲಿ ಮಾತ್ರ ಮತ್ತೆ ಹುಟ್ಟುತ್ತದೆ. ಬೋನು ಇಡುವುದು, ಚೀಲಗಳನ್ನು ನೆಲದಿಂದ ಎತ್ತರದಲ್ಲಿ ಜೋಡಿಸುವುದು, ಬಾಗಿಲ ಸಂದಿ ಮುಚ್ಚುವುದು ಉತ್ತಮ. ಪಾಷಾಣ ಇಟ್ಟೇ ಇಟ್ಟರೆ ಸತ್ತ ಇಲಿಯನ್ನು ಅದೇ ದಿನ ಹೂತುಬಿಡಿ.

ಬೆಕ್ಕಿಗೆ ಜ್ವರ ಅಂತ ಮನುಷ್ಯರ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಕೊಲ್ಲಬಹುದು. ಪಶು ವೈದ್ಯರಿಗೆ 1962ಕ್ಕೆ ಕರೆ ಮಾಡಬಹುದು.

ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಅನ್ನುವುದು ತಪ್ಪು. ಬೆಕ್ಕು ಕಚ್ಚಿದರೂ, ಪರಚಿ ರಕ್ತ ಬಂದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚುವುದು ಬೇಡ. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಮೊದಲೇ ಚುಚ್ಚುಮದ್ದು ತೆಗೆದುಕೊಂಡರೆ ಜೀವ ಉಳಿಯುತ್ತದೆ. ಸಾಕಿದ ಬೆಕ್ಕಿಗೂ ವರ್ಷ ವರ್ಷ ಲಸಿಕೆ ಹಾಕಿಸಿ. ಬಸುರಿ ಹೆಂಗಸರು ಬೆಕ್ಕಿನ ಹೊಲಸು ತೆಗೆಯುವ ಕೆಲಸ ಬೇರೆಯವರಿಗೆ ಬಿಡಲಿ. ಅದರಿಂದ ಹರಡುವ ಒಂದು ಸೋಂಕು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲದು.

ಇನ್ನು ಬೇಡವಾದ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆ ಬಯಲಿಗೋ ಕಾಡಂಚಿಗೋ ಬಿಟ್ಟು ಬರುವ ರೂಢಿ. ಕಾಡಂಚಿನಲ್ಲಿ ಬಿಟ್ಟ ಮರಿ ಚಿರತೆಯನ್ನು ಊರ ಕಡೆ ಕರೆಯುತ್ತದೆ. ಬದುಕಿ ಉಳಿದರೆ ತನ್ನ ರೋಗವನ್ನು ಕಾಡುಬೆಕ್ಕಿಗೆ ಅಂಟಿಸುತ್ತದೆ. ಹೆಣ್ಣು ಬೆಕ್ಕು ಆರು ತಿಂಗಳೊಳಗೇ ಬೆದೆಗೆ ಬರಬಹುದು, ಗರ್ಭ ಸುಮಾರು ಒಂಬತ್ತು ವಾರ. ಒಂದು ಸಲ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಪ್ರತಿ ವರ್ಷ ಚೀಲ ಕಟ್ಟುವ ಪಾಪ ತಪ್ಪುತ್ತದೆ.