ಬೇಸಿಗೆ ರಜೆಯ ಹಣ, ಜಕ್ಕೂರಿನ ಲ್ಯಾಬು, ಮಾತು ತಡವಾದ ಮಕ್ಕಳು

ನಮ್ಮ ದೊಡ್ಡಬಳ್ಳಾಪುರದ ಕಡೆ ಮಗುವಿಗೆ ಮೂರು ವರ್ಷವಾದರೂ ಮಾತು ಬರದಿದ್ದರೆ ಎಷ್ಟೋ ಮನೆಯವರು ಮೊದಲು ಹೋಗೋದು ಘಾಟಿ ಸುಬ್ರಹ್ಮಣ್ಯಕ್ಕೆ. ಹರಕೆ ಹೊತ್ತು ಬರ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಮ್ಮ ಮನೆಗಳಲ್ಲೂ ಹಾಗೇ ಮಾಡಿದ್ದಾರೆ. ಕಷ್ಟ ಶುರುವಾಗೋದು ಆಮೇಲಿನ ಮಾತುಗಳಿಂದ. ಬಸುರಿಯಲ್ಲಿ ಗ್ರಹಣ ನೋಡಿದ್ದಳಂತೆ, ಮಗು ಕೈಗೆ ಮೊಬೈಲ್ ಕೊಟ್ಟು ಕೂರಿಸಿದ್ದಳಂತೆ. ಸುತ್ತಿ ಬಳಸಿ ಎಲ್ಲ ಬಂದು ಬೀಳೋದು ತಾಯಿಯ ತಲೆ ಮೇಲೆ.

ಇದು ಬರೀ ಹಳ್ಳಿಯ ಬಾಯಿ ಅಂದುಕೊಂಡಿದ್ದೆವು. ಹುಡುಕಿ ಓದಿದರೆ, ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ಅಂದಿದ್ದರು!

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಕರೆದರೆ ತಿರುಗಿ ನೋಡದ, ತಮ್ಮ ಪಾಡಿಗೆ ತಾವಿರುವ, ಇಟ್ಟ ವಸ್ತು ಇಟ್ಟಲ್ಲೇ ಇರಬೇಕೆಂದು ಹಟ ಮಾಡುವ ಮಕ್ಕಳು. ಇಂದು ನಾವು ಆಟಿಸಂ ಅನ್ನುವುದು, ಪುಸ್ತಕದ ಕನ್ನಡದಲ್ಲಿ ಸ್ವಲೀನತೆ ಅನ್ನುವುದು, ಅಲ್ಲಿಂದ ಗುರುತಾಯಿತು. ಇದು ಹುಟ್ಟಿನಿಂದಲೇ ಬಂದದ್ದು ಎಂದು ಆ ಲೇಖನದಲ್ಲೇ ಇತ್ತು. ಆದರೂ ಮುಂದೆ ಸುಮಾರು ಇಪ್ಪತ್ತು ವರ್ಷ ಮೇಲಾದದ್ದು 'ತಾಯಿಗೆ ಅಕ್ಕರೆ ಸಾಲದು' ಎಂಬ ವಾದ. ಅದನ್ನು ಎದುರಿಸಿ 1964ರಲ್ಲಿ ಪುಸ್ತಕ ಬರೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞರು, ಜೊತೆಗೆ ಅಂಥ ಒಬ್ಬ ಮಗನ ತಂದೆ. 1977ರಲ್ಲಿ ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟ್ಟರ್ 21 ಜೋಡಿ ಅವಳಿಗಳನ್ನು ನೋಡಿದರು. ತದ್ರೂಪ ಅವಳಿಗಳಲ್ಲಿ ಇಬ್ಬರಿಗೂ ಆಟಿಸಂ ಇರುವುದು ಕಂಡಿತು, ಬೇರೆ ಅವಳಿಗಳಲ್ಲಿ ಹಾಗೆ ಕಾಣಲಿಲ್ಲ. ಬೇರು ರಕ್ತದಲ್ಲಿದೆ, ಸಾಕಿದ ರೀತಿಯಲ್ಲಲ್ಲ ಎಂಬ ಮಾತಿಗೆ ಆಗ ಬಲ ಬಂತು.

ನಮ್ಮ ಸರ್ಕಾರದ ಲೆಕ್ಕಕ್ಕೆ ಈ ಹೆಸರು ಹತ್ತಿದ್ದು ನಿಧಾನವಾಗಿ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲೇ ಆಗಿತ್ತು. ಆದರೆ 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ 7 ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಬಂತು. 21 ವಿಧಗಳ ಪಟ್ಟಿಗೆ ಸೇರಿದ್ದು 2016ರ ಕಾಯ್ದೆಯಲ್ಲಿ.

ಇನ್ನು ಜಕ್ಕೂರಿಗೆ ಬರೋಣ. ದೇವನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವವರು ದಿನಾ ದಾಟಿಕೊಂಡು ಹೋಗುವ ಊರು. ಅಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರು ನಮ್ಮವರೇ ಆದ ಸಿ.ಎನ್.ಆರ್. ರಾವ್. ಅಲ್ಲಿನ ವಿಜ್ಞಾನಿ ಜೇಮ್ಸ್ ಕ್ಲೆಮೆಂಟ್ ಅವರ ಲ್ಯಾಬು 'ಸಿನ್‌ಗ್ಯಾಪ್1' ಎಂಬ ಒಂದು ಜೀನಿನ ಹಿಂದೆ ಬಿದ್ದಿದೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸುವ ಜಾಗದಲ್ಲಿ ಈ ಜೀನಿನಿಂದ ಆಗುವ ಪ್ರೋಟೀನು ಬ್ರೇಕಿನಂತೆ ಕೆಲಸ ಮಾಡುತ್ತೆ. ಇದು ಕೆಟ್ಟರೆ ಬುದ್ಧಿ ಬೆಳವಣಿಗೆ ಕುಂಠಿತವಾಗಬಹುದು, ಹಲವು ಮಕ್ಕಳಲ್ಲಿ ಆಟಿಸಂ ಕೂಡ ಕಾಣುತ್ತೆ. ಇಲಿಗಳಲ್ಲಿ ನೋಡಿದಾಗ ಆ ಸುದ್ದಿ ದಾಟಿಸುವ ಜಾಗಗಳು ಕಾಲಕ್ಕೆ ಮೊದಲೇ ಬಲಿತುಬಿಟ್ಟಿದ್ದವು. ಎಳೆ ಮಾವು ಮರದಲ್ಲಿರುವಾಗಲೇ ಹಣ್ಣಾದ ಹಾಗೆ. ಅವರು ಇಲ್ಲಿಗೆ ಬರುವ ಮೊದಲು ಅಮೆರಿಕದಲ್ಲಿ ಮಾಡಿದ ಈ ಕೆಲಸ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೊದಲ ಹೆಸರು ಅವರದೇ. ಗ್ರಹಣದ ಸುದ್ದಿ ಅದರಲ್ಲೆಲ್ಲೂ ಇಲ್ಲ.

ಅದೇ ಜಕ್ಕೂರಿನ ಆವರಣಕ್ಕೆ ಬೇಸಿಗೆಯಲ್ಲಿ ಪದವಿ ವಿದ್ಯಾರ್ಥಿಗಳು ಬರುತ್ತಾರೆ, ಸ್ಟೈಪೆಂಡ್ ಸಿಗುತ್ತೆ. ಜೀವಶಾಸ್ತ್ರಕ್ಕೆ ಬೇರೆಯದೇ ಯೋಜನೆಯಿದೆ: ಬಿಎಸ್ಸಿ ಮೊದಲ ವರ್ಷ ಮುಗಿಸಿದವರನ್ನು ಆರಿಸಿ ಮೂರು ಬೇಸಿಗೆ ಸಾಲಾಗಿ ಕರೆಯುತ್ತಾರೆ, ಕೊನೆಗೆ ಡಿಪ್ಲೊಮಾ. ಇನ್ನೊಂದು ದಾರಿ ವಿಜ್ಞಾನ ಅಕಾಡೆಮಿಗಳದ್ದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಅಲಹಾಬಾದಿನ ಅಕಾಡೆಮಿಗಳ ಜೊತೆ ಸೇರಿ, ವಿದ್ಯಾರ್ಥಿಗಳನ್ನೂ ಕಾಲೇಜು ಮೇಷ್ಟ್ರುಗಳನ್ನೂ ಎರಡು ತಿಂಗಳು ಲ್ಯಾಬುಗಳಿಗೆ ಕಳಿಸುತ್ತೆ. ಸ್ಟೈಪೆಂಡೂ ಉಂಟು, ರೈಲಿನ ಖರ್ಚೂ ಉಂಟು.

ಅಮೆರಿಕದಲ್ಲಿ 2009ರಲ್ಲಿ ಹುಟ್ಟಿದ ಆಟಿಸಂ ಸೈನ್ಸ್ ಫೌಂಡೇಶನ್ ಆಟಿಸಂ ಹೆಸರಲ್ಲೇ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಅನುದಾನ ಕೊಡುತ್ತೆ. ನಾವು ಮೇಲೆ ಹೇಳಿದ ಎರಡು ದಾರಿಗಳಲ್ಲಿ ವಿಷಯದ ಹೆಸರಿಲ್ಲ. ಯಾವ ಲ್ಯಾಬು ಸಿಗುತ್ತೋ ಆ ವಿಷಯ.

ಹಣ ಯಾಕೆ ಇಷ್ಟು ಮುಖ್ಯ ಅಂತ ಪೇಟೆಯವರು ಕೇಳಬಹುದು. ನಮ್ಮಲ್ಲೊಬ್ಬಳು ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಬಿಎಸ್ಸಿ ಓದಿದವಳು. ಅವಳಿಗೆ ಬೇಸಿಗೆ ಅಂದರೆ ಮನೆಯ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತೋದು. ಎರಡು ತಿಂಗಳು ಅವಳು ಎದ್ದು ಹೋದರೆ ಆ ಕೆಲಸಕ್ಕೆ ಕೂಲಿ ಕೊಟ್ಟು ಆಳು ಇಡಬೇಕು. ಸ್ಟೈಪೆಂಡ್ ಇದ್ದರೆ ಅಪ್ಪನಿಗೆ ಹೇಳೋಕೆ ಒಂದು ಮಾತಿರುತ್ತೆ, ಇಲ್ಲದಿದ್ದರೆ ಬಾಯೇ ಬರಲ್ಲ. ಅವಳ ಅಕ್ಕನ ಮಗನಿಗೆ ಆಟಿಸಂ. ಅವಳಿಗೆ ಹೋಗುವ ಆಸೆ ಇತ್ತು. ಆದರೆ ಅಕಾಡೆಮಿಯ ಪ್ರಕಟಣೆ ಅವಳ ಕಾಲೇಜಿನ ನೋಟಿಸ್ ಬೋರ್ಡಿಗೆ ಬಿದ್ದದ್ದು ಅರ್ಜಿಯ ಕೊನೆಯ ದಿನ ಕಳೆದ ಮೇಲೆ.

ಕೈಗೆ ಹಣ ಕೊಡುತ್ತಿದ್ದ ಇನ್ನೊಂದು ಯೋಜನೆಯೂ ಇತ್ತು. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ್ ಯೋಜನೆ, ಬೆಂಗಳೂರಿನ ಐಐಎಸ್ಸಿ ನಡೆಸುತ್ತಿತ್ತು. ಕೊನೆಯ ವರ್ಷಗಳಲ್ಲಿ ಬಿಎಸ್ಸಿ ಓದುವವರಿಗೆ ತಿಂಗಳಿಗೆ 5,000 ರೂಪಾಯಿ, ಎಂಎಸ್ಸಿಯವರಿಗೆ 7,000. ಪರೀಕ್ಷೆ ಮಾತ್ರ ಕಠಿಣ, ಕೋಚಿಂಗ್ ಇಲ್ಲದ ನಮ್ಮಂಥ ಊರಿನ ಮಕ್ಕಳಿಗೆ ದೂರದ ಬೆಟ್ಟ. 2022ರಲ್ಲಿ ಅದನ್ನು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿ ಮುಚ್ಚಿದರು.

ಅಕಾಡೆಮಿಗಳ ಅರ್ಜಿ ಆನ್‌ಲೈನ್‌ನಲ್ಲಿ ಬರೋದು ಮಳೆಗಾಲ ಮುಗಿಯುವ ಹೊತ್ತಿಗೆ. ಒಬ್ಬ ಮೇಷ್ಟ್ರ ಶಿಫಾರಸು ಪತ್ರ ಬೇಕು, ಏನು ಕಲಿಯಬೇಕೆಂದು ಒಂದು ಪುಟ್ಟ ಬರಹ ಬೇಕು. ಕಂಡಿಕೆ ಸುತ್ತುತ್ತಿದ್ದವಳು ಈಗ ಪ್ರತಿ ವರ್ಷ ಆ ಪ್ರಕಟಣೆ ಬಂದ ದಿನವೇ ತನ್ನ ಹಳೇ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕ್ತಾಳೆ.