ಹದಿನಾರು ಕೆರೆಯ ಹೆಬ್ಬಾತು: ಛಾಯಾಚಿತ್ರ ಮತ್ತು ಚರಿತ್ರೆಯ ಆಕರ

ಶೀತವಲಯದ ಹಕ್ಕಿಗಳ ಛಾಯಾಗ್ರಹಣವೆಂದೊಡನೆ ಉತ್ತರಧ್ರುವ ಪ್ರದೇಶದ ಹಿಮಗೂಬೆ ನೆನಪಾಗುವುದು ಸಹಜ. ಆ ಗೂಬೆ ಕನ್ನಡನಾಡಿಗೆ ಬರುವುದಿಲ್ಲ. ಆದರೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಚಳಿಗಾಲದ ಅತಿಥಿಯಾಗಿದೆ.

ಹದಿನಾರು ಇತಿಹಾಸಾಸಕ್ತರಿಗೆ ಹೊಸ ಹೆಸರಲ್ಲ. ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯ ಸೋದರರು ಹದಿನಾಡಿನ ರಾಜಪುತ್ರಿಯನ್ನು ಕಾರುಗಹಳ್ಳಿಯ ಮಾರನಾಯಕನಿಂದ ಪಾರುಮಾಡಿದರೆಂದೂ, 1399ರಲ್ಲಿ ಮೈಸೂರು ಅರಸು ಮನೆತನ ಆರಂಭವಾಯಿತೆಂದೂ ಐತಿಹ್ಯವಿದೆ. ದೂರದಿಂದ ಬಂದವರ ಮೂಲವನ್ನು ಐತಿಹ್ಯ ಹೇಳುತ್ತದೆಯೇ ಹೊರತು ಸಾಬೀತುಪಡಿಸುವುದಿಲ್ಲ. ಹೆಬ್ಬಾತಿನ ವಿಷಯದಲ್ಲಿ ಈ ಕೊರತೆಯನ್ನು ತುಂಬಿದ್ದು ಛಾಯಾಚಿತ್ರ.

ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ದೀರ್ಘ ಪರಂಪರೆಯಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಮೊದಲಾದವರು ಫಿಲಂ ಕಾಲದಲ್ಲಿ ಅದನ್ನು ಕಲೆಯಾಗಿ ಬೆಳೆಸಿದರು. ಮರೆಯಲ್ಲಿ ಕುಳಿತು ತಾಳ್ಮೆಯಿಂದ ಕಾಯುವುದು ಅವರ ಕಾಲದ ಶಿಸ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಚಿತ್ರಕ್ಕೆ ದಾಖಲೆಯ ಕೆಲಸವೂ ಸೇರಿತು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಹೆಬ್ಬಾತುಗಳ ಕೊರಳಿಗೆ ಅಕ್ಷರ–ಅಂಕಿಗಳುಳ್ಳ ಪಟ್ಟಿ ತೊಡಿಸಿದ್ದರು. ಅಂಥ ಹಕ್ಕಿಗಳು 2010ರ ದಶಕದಲ್ಲಿ ಹದಿನಾರು ಕೆರೆಯಲ್ಲಿ ಕಂಡುಬಂದವು. ಉದ್ದ ಲೆನ್ಸಿನ ಚಿತ್ರವನ್ನು ಹಿಗ್ಗಿಸಿ ಪಟ್ಟಿಯ ಬರಹವನ್ನು ಓದಬಹುದು. ಹಕ್ಕಿಯನ್ನು ಮತ್ತೆ ಹಿಡಿಯಬೇಕಾಗಿಲ್ಲ. ಈ ಹಕ್ಕಿ 7,290 ಮೀಟರ್ ಎತ್ತರದವರೆಗೆ ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಆದರೆ ಅದು ಇಂಥ ಕೆರೆಗೇ ಬಂತೆಂದು ಹೇಳಲು ದಡದಲ್ಲಿ ಕ್ಯಾಮೆರಾ ಹಿಡಿದು ನಿಂತವರ ಚಿತ್ರವೂ ಸಾಕ್ಷಿಯಾಯಿತು.

ಈ ಸಾಕ್ಷ್ಯದ ಹಿಂದೆ ರೈತರ ಪಾಲೂ ಇದೆ. ಹೆಬ್ಬಾತು ಹಗಲು ನೀರಿನಲ್ಲಿ ವಿಶ್ರಮಿಸಿ, ಸಂಜೆಯ ನಂತರ ಹೊಲಗದ್ದೆಗಳಲ್ಲಿ ಮೇಯುತ್ತದೆ. ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಪಿಲೆಯ ಬಯಲಿನಲ್ಲಿ ಕೆರೆ ಮತ್ತು ಬೆಳೆ ಒಟ್ಟಿಗೆ ಉಳಿದರೆ ಮಾತ್ರ ಹಕ್ಕಿಯ ವಲಸೆಯೂ ಉಳಿದೀತು. ಚಿತ್ರದ ಆಸೆಯಿಂದ ಹಿಂಡನ್ನು ಎಬ್ಬಿಸಿದರೆ ದೂರ ಪ್ರಯಾಣಕ್ಕೆ ಬೇಕಾದ ಅದರ ಶಕ್ತಿ ವ್ಯಯವಾಗುತ್ತದೆ ಎಂಬುದನ್ನೂ ಗಮನಿಸಬೇಕು.

ಶಾಸನಕ್ಕೆ ಕಾಲ ಮತ್ತು ಸ್ಥಳ ಎಷ್ಟು ಮುಖ್ಯವೋ ಛಾಯಾಚಿತ್ರಕ್ಕೂ ಅಷ್ಟೇ ಮುಖ್ಯ. ದಿನಾಂಕ, ಕೆರೆಯ ಹೆಸರು ಮತ್ತು ಕೊರಳಪಟ್ಟಿಯ ಅಂಕಿ ನಮೂದಾಗದ ಚಿತ್ರ ಸುಂದರವಾಗಿರಬಹುದು, ಆದರೆ ಆಕರವಾಗಲಾರದು. ಹವ್ಯಾಸಿಗಳ ಸಂಗ್ರಹಗಳಲ್ಲಿ ಚದುರಿರುವ ಇಂಥ ಚಿತ್ರಗಳನ್ನು ಈ ವಿವರಗಳೊಡನೆ, ಊರವರ ಮೌಖಿಕ ಮಾಹಿತಿಯನ್ನೂ ಸೇರಿಸಿ, ಗ್ರಂಥಾಲಯಗಳು ಕಾಪಿಡಬೇಕಾದ ಅಗತ್ಯವಿದೆ.